ಹಸಿದ ಇಲಿಗಳ ಸಕ್ಕರೆ

ನಮ್ಮ ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದೆವು. ರಾತ್ರಿಯೆಲ್ಲ ಉಪವಾಸವಿಟ್ಟ ಇಲಿಗಳನ್ನು ಬೆಳಿಗ್ಗೆ ಅವರು ಹಿಡಿದುಕೊಳ್ಳುವುದು, ನಾನು ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಅಳೆಯುವುದು. ಆದರೆ ಮನುಷ್ಯ ಮಹಾ ನಿಧಾನ. ಒಂದೊಂದನ್ನೂ ಅಂಗೈಮೇಲೆ ಕೂರಿಸಿಕೊಂಡು, "ಏನಮ್ಮಾ, ನಿದ್ದೆ ಬಂತಾ? ಈ ಮಹಾರಾಯ ಸ್ವಲ್ಪ ಚುಚ್ತಾನೆ, ಬೈಕೋಬೇಡ" ಎಂದು ಮಾತಾಡಿಸಲೇಬೇಕು.

"ದೊಡ್ಡಪ್ಪಾ, ಸಂಬಂಧ ಕುದುರಿತಾ?" ಎಂದು ರೇಗಿಸಿ ರೇಗಿಸಿ ಸಾಕಾಗಿ, ಒಂದು ದಿನ ಹಿಡಿಯುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ಲಬಕ್ಕನೆ ಹಿಡಿ, ಚುಚ್ಚು, ಗೂಡಿಗೆ ಹಾಕು. ಅರ್ಧ ಗಂಟೆಯಲ್ಲಿ ಮುಗಿಯಿತು. ಅಂದಿನಿಂದ ಸಕ್ಕರೆ ಏರತೊಡಗಿತು.

ಹಸಿದ ಇಲಿಗೆ ಸಕ್ಕರೆ ಎಲ್ಲಿಂದ? ಕನಿಕರಪಟ್ಟು ದೊಡ್ಡಪ್ಪನೇ ಕದ್ದು ತಿನ್ನಿಸುತ್ತಿದ್ದಾರೆ ಎಂದುಕೊಂಡೆ. ಎಲ್ಲರೆದುರು ಅವರ ಕೋಟಿನ ಜೇಬು ತಡಕಿದೆ. ಕನ್ನಡಕದ ಡಬ್ಬಿ ಬಿಟ್ಟರೆ ಏನೂ ಸಿಗಲಿಲ್ಲ.

"ತಿಂದಿಲ್ಲಪ್ಪ ಅವು. ಹೆದರ್ಕೊಂಡಿವೆ" ಎಂದರು.

ನಾನು ನಕ್ಕೆ. ಮರುದಿನದಿಂದ ಅವರು ಬರಲಿಲ್ಲ.

ಹತ್ತು ದಿನ ಬಿಟ್ಟು ಅದೇ ರಕ್ತದ ಇನ್ಸುಲಿನ್ ಲೆಕ್ಕ ಕೈಗೆ ಬಂತು. ತಿಂದಿದ್ದರೆ ಸಕ್ಕರೆಯ ಬೆನ್ನಿಗೇ ಇನ್ಸುಲಿನ್ನೂ ಏರಬೇಕಿತ್ತು. ಇಲ್ಲಿ ಅದು ನೆಲ ಕಚ್ಚಿತ್ತು. ಜೀವ ಹೆದರಿದರೆ ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಪುಟ್ಟ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಅದು ಯಕೃತ್ತಿಗೆ ಸಕ್ಕರೆ ಬಿಡು ಎನ್ನುತ್ತದೆ, ಮೇದೋಜೀರಕದ ಜೀವಕೋಶಗಳಿಗೆ ಇನ್ಸುಲಿನ್ ಬಿಡಬೇಡ ಎನ್ನುತ್ತದೆ. ಓಡಿಹೋಗಲು ರಕ್ತದಲ್ಲಿ ಸಕ್ಕರೆ ಬೇಕಲ್ಲ! ಹೊಸಬರಿಗೆಲ್ಲ ಇದನ್ನು ಪಾಠ ಹೇಳಿದವನೇ ನಾನು. ಅವು ಓಡಬೇಕೆಂದಿದ್ದದ್ದು ನನ್ನ ಕೈಯಿಂದ.

ಅಂದು ಸಂಜೆಯೇ ಅವರ ಮನೆಗೆ ಹೋದೆ. ಸೊಸೆ ಬಾಗಿಲು ತೆರೆದಳು.

"ಬನ್ನಿ ಬನ್ನಿ. ಮಂಡಿನೋವು ಅಂತ ಮಾವ ಕೆಲಸ ಬಿಟ್ಟು ಬಂದ್ರಲ್ಲ, ಈಗ ಕೂತಲ್ಲೇ ನನ್ನ ಅಡಿಗೇಲಿ ತಪ್ಪು ಹುಡುಕ್ತಾರೆ, ಅದೇ ಕೆಲಸ!"

ಕುರ್ಚಿಯಲ್ಲಿದ್ದ ದೊಡ್ಡಪ್ಪ ನನ್ನತ್ತ ಕಣ್ಣು ಬಿಟ್ಟರು, ಬಾಯಿ ಬಿಡಬೇಡ ಎಂಬಂತೆ. ಕ್ಷಮೆ ಕೇಳಬೇಕೆಂದರೆ ಅವರನ್ನು ಕಳ್ಳನೆಂದುಕೊಂಡದ್ದನ್ನೂ ಹೇಳಬೇಕಿತ್ತು, ಅದೂ ಸೊಸೆಯ ಮುಂದೆ. ಕೊಟ್ಟ ನೀರು ಕುಡಿದು ಎದ್ದೆ.

ಬಾಗಿಲವರೆಗೆ ಬಂದರು.

"ಅವು ತಿಂದಿರಲಿಲ್ಲ, ದೊಡ್ಡಪ್ಪ" ಎಂದು ಪಿಸುಗುಟ್ಟಿದೆ.

"ಗೊತ್ತು."

"ನನ್ನದೇ ತಪ್ಪು. ವಾಪಸ್ ಬನ್ನಿ."

ಒಳಗಿನವರಿಗೂ ಕೇಳುವಂತೆ ಅವರು ದನಿ ಎತ್ತಿದರು. "ಆಗಲ್ಲಪ್ಪ, ಮಂಡಿನೋವು ಅಂದ್ನಲ್ಲ!"