ಬೆಚ್ಚಗಿನ ಖಾಲಿ ಮನೆ

ಶಿಯೋಜುಕ್ ಮುದುಕಿ ಆ ಮನೆಯಲ್ಲಿ ಮಲಗಬೇಕಾದರೂ ಸರದಿ ಕಾಯಬೇಕಿತ್ತು. ಮೀನಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಮೊಮ್ಮಗ ಹಗಲೆಲ್ಲ ಸೋಫಾದ ಮೇಲೆ ಮಲಗುತ್ತಿದ್ದ. ಅವನು ಎದ್ದು ಹೋದ ಮೇಲೆ ಅದೇ ಸೋಫಾ ಮುದುಕಿಗೆ. ಅಲ್ಲಿಯವರೆಗೆ ಅವಳು ಒಲೆಯ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತ ಕೂತಿರುತ್ತಿದ್ದಳು. ಉತ್ತರದ ಹಿಮದ ಊರಿನಲ್ಲಿ ಮೂರು ಕೋಣೆಯ ಸರ್ಕಾರಿ ಮನೆ. ಮಗಳು ಮಿಯಾಲಿ, ಅವಳ ಗಂಡುಮಕ್ಕಳು, ಸೊಸೆಯರು, ಕೂಸುಗಳು ಎಲ್ಲ ಅದರೊಳಗೇ. ಗೋಡೆಯ ಮೂಲೆಗಳಲ್ಲಿ ಕಪ್ಪು ಬೂಸ್ಟು ಹತ್ತಿತ್ತು. ಚಳಿಗಾಲ ಮುಗಿಯುವ ತನಕ ಕೂಸುಗಳ ಕೆಮ್ಮು ನಿಲ್ಲುತ್ತಿರಲಿಲ್ಲ.

ಮುದುಕಿಗೆ ಮರೆವು ಬಂದಿತ್ತು. ಮಿಯಾಲಿ ಅಂಗಡಿಯ ಕೆಲಸಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ಮುದುಕಿ ಕೈಗವಸೂ ಇಲ್ಲದೆ ಮನೆ ಬಿಟ್ಟು ಹೊರಟಳು. ದಡದ ಡೇರೆಯಲ್ಲಿ ತನ್ನ ಅವ್ವ ಒಬ್ಬಳೇ ಇದ್ದಾಳೆ ಎಂದು ಅವಳ ತಲೆಗೆ ಹೊಕ್ಕಿತ್ತು. ದಡದಲ್ಲಿ ಡೇರೆ ಹಾಕುವ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು. ಸೀಲ್ ಬೇಟೆಗೆ ಹೊರಟವನೊಬ್ಬ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಅವಳನ್ನು ಕಂಡು ಹಿಮದ ಮೇಲೆ ಎಳೆಯುವ ಜಾರುಬಂಡಿಗೆ ಹಾಕಿಕೊಂಡು ತಂದ. ಜೀವ ಉಳಿಯಿತು. ಚಳಿಗೆ ಮರಗಟ್ಟಿದ ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಊರ ಆಸ್ಪತ್ರೆಯಲ್ಲಿ ಇದ್ದವಳು ಒಬ್ಬಳೇ ನರ್ಸು. ದಕ್ಷಿಣದಿಂದ ಬಂದವಳು, ಕೆಟ್ಟವಳಲ್ಲ. "ಇವರನ್ನು ದಕ್ಷಿಣದ ಆರೈಕೆ ಮನೆಗೆ ಕಳಿಸಲೇಬೇಕು. ಇಲ್ಲಿ ನೋಡಿಕೊಳ್ಳುವ ವ್ಯವಸ್ಥೆಯೇ ಇಲ್ಲ" ಎಂದಳು.

ದಕ್ಷಿಣ ಎಂದರೆ ಏನೆಂದು ಊರಿನವರಿಗೆಲ್ಲ ಗೊತ್ತಿತ್ತು. ವಿಮಾನದ ಸೀಟಿನಲ್ಲಿ ಕೂತು ಹೋದ ಮುದುಕರು ತಿರುಗಿ ಬರುವಾಗ ಸಾಮಾನಿನ ಜೊತೆ, ಪೆಟ್ಟಿಗೆಯಲ್ಲಿ ಬರುತ್ತಿದ್ದರು.

ಆ ವಾರ ಉಲಾಯೂ ರಾಜಧಾನಿಯಿಂದ ಊರಿಗೆ ಬಂದಳು. ಈ ದಡದ ಊರುಗಳಿಗೆಲ್ಲ ಅವಳೇ ಶಾಸಕಿ. ಮೊದಲು ಇದೇ ಆಸ್ಪತ್ರೆಯಲ್ಲಿ ದುಭಾಷಿಯಾಗಿದ್ದಳು. ನರ್ಸುಗಳು ಹೇಳಿದ್ದನ್ನು ಮುದುಕರಿಗೆ, ಮುದುಕರು ಅತ್ತಿದ್ದನ್ನು ನರ್ಸುಗಳಿಗೆ ಹೇಳಿ ಹೇಳಿ ಸಾಕಾಗಿ ಚುನಾವಣೆಗೆ ನಿಂತಿದ್ದಳು.

ಅವಳು ಬಾಗಿಲು ದಾಟುತ್ತಲೇ ಶಿಯೋಜುಕ್ ಮುಖ ಅರಳಿತು. "ಅವ್ವಾ, ಬಂದ್ಯಾ? ನಿನ್ನ ಹುಡಿಕ್ಕೋತ ಹೋಗಿದ್ನಿ."

"ಬಂದೆ ಮಗಳ. ಎಲ್ಲಿ, ಕೈ ತೋರ್ಸು."

ಇದು ಮರೆವಿನ ಮಾತಲ್ಲ. ಉಲಾಯೂ ಹುಟ್ಟಿದಾಗ ಅವಳಿಗೆ ಇಟ್ಟದ್ದು ಶಿಯೋಜುಕ್‌ಳ ಸತ್ತ ತಾಯಿಯ ಹೆಸರು. ಯಾರ ಹೆಸರಿಟ್ಟರೋ ಅವರೇ ತಿರುಗಿ ಬಂದಂತೆ ಎಂದು ಆ ಜನರ ನಂಬಿಕೆ. ತೊಟ್ಟಿಲಲ್ಲಿದ್ದಾಗಿನಿಂದಲೂ ಶಿಯೋಜುಕ್ ಅವಳನ್ನು ಅವ್ವ ಅನ್ನುತ್ತಿದ್ದಳು, ಮಾತು ಬಂದಾಗಿನಿಂದ ಉಲಾಯೂ ಮುದುಕಿಯನ್ನು ಮಗಳೇ ಅನ್ನುತ್ತಿದ್ದಳು. ಆ ತಾಯಿಯನ್ನು ಎದೆರೋಗವೆಂದು ಸರ್ಕಾರದ ಹಡಗು ದಕ್ಷಿಣಕ್ಕೆ ಒಯ್ದಿತ್ತು. ಅವಳು ತಿರುಗಿ ಬರಲಿಲ್ಲ. ಎಲ್ಲಿ ಹುಗಿದರೆಂದು ಇವತ್ತಿನವರೆಗೂ ಯಾರೂ ಹೇಳಿಲ್ಲ.

ಮಿಯಾಲಿ ಚಹಾ ಕೊಟ್ಟು ಕಿಟಕಿಯ ಹತ್ತಿರ ನಿಂತಳು. ರಸ್ತೆಯ ಆಚೆಗೆ ಸರ್ಕಾರಿ ವಸತಿಗೃಹ. ಬೇಸಿಗೆಯಲ್ಲಿ ಬಂದು ಹೋಗುವ ಅಧಿಕಾರಿಗಳಿಗೆಂದು ಕಟ್ಟಿದ್ದು. ದೀಪ ಉರಿಯುತ್ತಿತ್ತು, ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಆ ಮನಿಗೆ ಚಳಿಗಾಲ ಪೂರಾ ಎಣ್ಣಿ ಸುಡ್ತಾರ. ಯಾಕ ಗೊತ್ತೈತಿ?" ಎಂದಳು ಮಿಯಾಲಿ. "ಥಂಡಿಗೆ ನೀರ ಹೆಪ್ಪುಗಟ್ಟಿ ಕೊಳವಿ ಒಡೀಬಾರದಂತ. ಕೊಳವಿ ಬೆಚ್ಚಗ ಅದಾವ. ನಮ್ಮವ್ವನ ಬೆರಳ ಹೋದ್ವು."

ಉಲಾಯೂ ಎದ್ದು ಬಂದು ಆ ದೀಪ ನೋಡಿದಳು. ಚಹಾ ಅಲ್ಲೇ ಆರಿತು.

ರಾಜಧಾನಿಗೆ ಮರಳಿ, ಶಾಸನಸಭೆಯಲ್ಲಿ ಎದ್ದು ನಿಂತು ಅವಳು ತನ್ನ ಜನರ ಮಾತಿನಲ್ಲೇ ಕೇಳಿದಳು: "ನಮ್ಮೂರಾಗ ಮನಿ ಖಾಲಿ ಬಿದ್ದೈತಿ. ಬೆಚ್ಚಗೂ ಐತಿ. ನೋಡ್ಕೊಳ್ಳಾಕ ಹೆಣ್ಮಕ್ಕಳು ತಯಾರ ಅದಾರ, ಅವರಿಗೆ ಕಲಿಸಿ ಕೆಲಸ ಕೊಡ್ರಿ. ಮುದುಕರನ್ನ ಅಲ್ಲೇ ಇಟ್ಕೋತೀವಿ. ಆಗತೈತೋ ಇಲ್ಲೋ?"

ಆರೋಗ್ಯ ಮಂತ್ರಿ ಇಸಾಕಿ ಪರಕೀಯನಲ್ಲ. ಅವನದೂ ಇದೇ ಜನ, ಇದೇ ಮಾತು. ಆದರೂ ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಓದಿದ. "ಮಾನ್ಯ ಸದಸ್ಯರ ಕಳಕಳಿಯನ್ನು ಸರ್ಕಾರವು ಹಂಚಿಕೊಳ್ಳುತ್ತದೆ. ಹಿರಿಯರ ಸುರಕ್ಷತೆಗೆ ನಿಗದಿತ ಮಾನದಂಡಗಳಿವೆ. ವಿಷಯವು ಪರಿಶೀಲನೆಯಲ್ಲಿದೆ."

"ಹೋದ ವರ್ಷನೂ ಪರಿಶೀಲನೆಯಾಗ ಇತ್ತು."

"ಈಗಲೂ ಪರಿಶೀಲನೆಯಲ್ಲಿದೆ."

ಹೊರಗೆ ಕಾಫಿ ಹಿಡಿದು ನಿಂತಾಗ ಇಸಾಕಿಯ ಮಾತು ಬದಲಾಯಿತು. "ಅಕ್ಕ, ಸಿಟ್ಟಾಗಬ್ಯಾಡ. ನಿಮ್ಮೂರಾಗ ಅಂಥ ಮುದುಕರು ಎಷ್ಟ ಮಂದಿ ಇದ್ದಾರು? ಬೆರಳಿನ್ಯಾಗ ಎಣಸಬಹುದು."

"ಹೌದು. ಬೆರಳ ಇದ್ದವರು ಎಣಸಬಹುದು" ಎಂದಳು ಉಲಾಯೂ. "ನಿಮ್ಮವ್ವ ಎಲ್ಲಿ ಅದಾಳಪಾ?"

ಅವನು ಕಾಫಿ ಕುಡಿದ. "ನಮ್ಮ ಮನ್ಯಾಗ ಅದಾಳ."

"ಇರಲಿ. ಛಲೋ ಇರಲಿ."

ಊರಿಗೆ ಮರಳಿದವಳು ಸೀದಾ ಮಾರ್ಕೂಸಿಯ ಮನೆಗೆ ಹೋದಳು. ವಸತಿಗೃಹದ ಕಾವಲು ಅವನದು.

"ಕೀಲಿ ಕೊಡ್ತಿಯೇನು?"

"ಕೊಟ್ರ ನನ್ನ ನೌಕರಿ ಹೋಗತೈತಿ."

"ಹೋಗತೈತಿ. ಸುಳ್ಳ ಯಾಕ ಹೇಳ್ಲಿ."

ಮಾರ್ಕೂಸಿ ಹೆಂಡತಿಯ ಮುಖ ನೋಡಿದ. ಅವಳು ಗೂಟದಿಂದ ಕೀಲಿ ತೆಗೆದು ಉಲಾಯೂ ಕೈಗೆ ತಾನೇ ಇಟ್ಟಳು. "ಕಸ ಹೊಡದು ಹೊಡದು ಸಾಕಾಗೇತಿ ಇವರಿಗೆ. ಯಾರೂ ಇರದ ಮನಿಯ ಕಸ" ಎಂದಳು.

ಅವತ್ತು ಮಧ್ಯಾಹ್ನವೇ ಮುದುಕರು ವಸತಿಗೃಹಕ್ಕೆ ಬಂದರು. ಜಾರುಬಂಡಿಯ ಮೇಲೆ ಹಾಸಿಗೆ, ಪಾತ್ರೆ, ಸೀಲ್ ಮಾಂಸ. ಶಿಯೋಜುಕ್ ಬಂದಳು. ಕಣ್ಣು ಹೋದ ಹಳೆಯ ಬೇಟೆಗಾರ ಪಾನಿಲೂ ಬಂದ. ಇನ್ನು ಕೆಲವರನ್ನು ಎತ್ತಿಕೊಂಡೇ ತಂದರು. ಊರಿನ ಹೆಂಗಸರು ಹಗಲು ರಾತ್ರಿ ಪಾಳಿ ಹಾಕಿಕೊಂಡರು. ನರ್ಸು ದಿನಾ ಬಂದು ನೋಡಿ ಹೋಗುತ್ತಿದ್ದಳು. ತಾನು ಬಂದದ್ದನ್ನು ಯಾರಿಗೂ ಹೇಳಬೇಡಿ ಅನ್ನುತ್ತಿದ್ದಳು.

ಅಲ್ಲಿ ಶಿಯೋಜುಕ್ ಮತ್ತೆ ಸೂಜಿ ಹಿಡಿದಳು. ಬೆರಳಿಲ್ಲದ ಕೈಯಲ್ಲಿ ಚರ್ಮ ಒತ್ತಿ ಹಿಡಿದು ಎಡಗೈಯಲ್ಲಿ ಹೊಲಿಯುತ್ತಿದ್ದಳು. ಪಾನಿಲೂ ಹೊಲಿಗೆಯನ್ನು ಮುಟ್ಟಿ ನೋಡಿ, "ಇದು ಗವಸೋ, ಮೀನಿನ ಚೀಲೋ?" ಅನ್ನುತ್ತಿದ್ದ.

"ನಿನ್ನ ಬಾಯಿಗೆ ಹೊಲ್ಯಾಕತ್ತೀನಿ, ಸುಮ್ಮ ಕೂಡ್ರು."

ನಗುವುದನ್ನು ಕೇಳಿದರೆ ಇವರಿಗೆ ಯಾವ ರೋಗವೂ ಇಲ್ಲ ಅನ್ನಿಸುತ್ತಿತ್ತು. ಮುದುಕಿ ಒಂದು ದಿನವೂ ಬಾಗಿಲು ತೆಗೆದು ಹೊರಗೆ ಹೋಗಲಿಲ್ಲ.

ಚಳಿಗಾಲದ ಉದ್ದನೆಯ ಕತ್ತಲು ಕಳೆದು ಸೂರ್ಯ ಮತ್ತೆ ಕಾಣಿಸಿಕೊಳ್ಳುವ ಹೊತ್ತಿಗೆ ಒಬ್ಬ ಅಧಿಕಾರಿ ವಿಮಾನದಲ್ಲಿ ಬಂದಿಳಿದ. ಬೂಟು ಕಳಚದೆ ಒಳಗೆ ನಡೆದ. ಬೆಂಕಿ ಬಿದ್ದರೆ ನೀರು ಚಿಮ್ಮುವ ವ್ಯವಸ್ಥೆ ಇಲ್ಲ, ರಾತ್ರಿ ನರ್ಸು ಇಲ್ಲ, ಅಡುಗೆಗೆ ಪರವಾನಗಿ ಇಲ್ಲ ಎಂದ. ಮಾರ್ಕೂಸಿಯ ನೌಕರಿ ಅಲ್ಲೇ ಹೋಯಿತು.

ಉಲಾಯೂ ಎದುರು ನಿಂತಳು. "ಇವರು ಇರುವ ಮನೆಗಳಲ್ಲಿ ಇವೆಲ್ಲ ಇವೆಯೇ? ನೀವು ಅಲ್ಲಿಗೆ ಹೋಗಿ ನೋಡಿದ್ದೀರಾ?"

"ಅದು ನನ್ನ ಇಲಾಖೆಯಲ್ಲ" ಎಂದ ಅವನು. ನಂತರ ಮಿಯಾಲಿಯ ಕಡೆಗೆ ತಿರುಗಿ ಮೆಲ್ಲಗೆ ಹೇಳಿದ, "ನಿಮ್ಮ ತಾಯಿಯನ್ನು ಕಳಿಸಲು ಒಪ್ಪದಿದ್ದರೆ ನಿಮ್ಮ ಮನೆಯನ್ನೂ ಪರೀಕ್ಷಿಸಬೇಕಾಗುತ್ತದೆ. ಅಲ್ಲಿ ಸಣ್ಣ ಮಕ್ಕಳಿದ್ದಾರೆ ಎಂದು ಕೇಳಿದೆ. ಅಂಥ ಮನೆಯಲ್ಲಿ ಮಕ್ಕಳನ್ನು ಬಿಡಬಹುದೇ ಎಂಬ ಪ್ರಶ್ನೆ ಬರುತ್ತದೆ."

ಮನೆ ಕೊಟ್ಟವರು ಅವರೇ. ಇನ್ನೊಂದು ಮನೆ ಕೊಡದವರೂ ಅವರೇ. ಈಗ ಆ ಮನೆಯಲ್ಲಿರುವುದೇ ತಪ್ಪಾಯಿತು. ಮಿಯಾಲಿ ತಲೆಯಾಡಿಸಿ ಒಪ್ಪಿದಳು. ಅವಳನ್ನು ಯಾರೂ ಬೈಯಲಿಲ್ಲ. ಉಳಿದ ಮನೆಗಳಲ್ಲೂ ಕೂಸುಗಳಿದ್ದವು.

ಮುದುಕರನ್ನು ಒಯ್ಯುವ ವಿಮಾನ ಬಂದ ದಿನ ಊರಿಗೆ ಊರೇ ಜಲ್ಲಿಯ ಓಡುದಾರಿಯ ಮೇಲೆ ಬಂದು ನಿಂತಿತು. ಕೂಗಾಟ ಇಲ್ಲ. ವಿಮಾನಕ್ಕೆ ಅಡ್ಡವಾಗಿ ನಿಂತರು, ಅಷ್ಟೇ. ದಕ್ಷಿಣದ ಹುಡುಗಮುಖದ ಪೊಲೀಸನಿಗೆ ಏನು ಮಾಡಬೇಕೋ ತೋಚಲಿಲ್ಲ.

ಪಾನಿಲೂ ಜಲ್ಲಿಯ ಮೇಲೆ ಅಂಗಾತ ಮಲಗಿಬಿಟ್ಟ. "ನಾ ಕುರುಡ. ನನಗ ಉತ್ತರನೂ ಕತ್ತಲ, ದಕ್ಷಿಣನೂ ಕತ್ತಲ. ಆದ್ರ ಅಲ್ಲಿ ನಾ ಬೈದ್ರ ತಿರುಗಿ ಬಯ್ಯಾಕ ಯಾರ ಅದಾರ? ಬೇಕಾದ್ರ ಹೊತ್ಕೊಂಡ ಹೋಗ್ರಿ" ಎಂದ. ಪೊಲೀಸ ಸುತ್ತ ನೋಡಿದ. ಕೈ ಹಚ್ಚಲು ಒಬ್ಬರೂ ಮುಂದೆ ಬರಲಿಲ್ಲ.

ಅಧಿಕಾರಿ ಮಿಯಾಲಿಯ ಕಡೆ ನೋಡಿದ. ಅವಳ ಬೆನ್ನಮೇಲೆ ಮೊಮ್ಮಗು ಇತ್ತು. ಅವಳು ಉಲಾಯೂ ಹತ್ತಿರ ಬಂದಳು. "ನೀನ ಹೇಳು ಅಕಿಗೆ. ನನ್ನ ಮಾತ ಕೇಳಂಗಿಲ್ಲ. ನಿನ್ನ ಮಾತ ಕೇಳ್ತಾಳ."

"ನನ್ನ ಕಡಿಂದ ಹೇಳಿಸಬ್ಯಾಡ ಮಿಯಾಲಿ."

"ಕೂಸುಗಳನ್ನ ಒಯ್ತಾರ ಉಲಾಯೂ."

ಶಿಯೋಜುಕ್ ಉಲಾಯೂಳ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳ ಕಣ್ಣಿಗೆ ಅದು ವಿಮಾನವಾಗಿರಲಿಲ್ಲ. "ಅವ್ವಾ, ಹಡಗ ಹತ್ತಬ್ಯಾಡ. ಹೋದವರು ಬರಂಗಿಲ್ಲ."

"ನಾ ಹತ್ತಂಗಿಲ್ಲ ಮಗಳ."

"ಮತ್ತ ಯಾರು ಹತ್ತೋದು?"

ಉಲಾಯೂ ಸಭೆಯಲ್ಲಿ, ಊರೂರಿನ ಕೂಟಗಳಲ್ಲಿ ಎಷ್ಟೆಲ್ಲ ಮಾತಾಡಿದ್ದಳು. ಈಗ ಬೇಕಾಗಿದ್ದುದು ಒಂದೇ ಮಾತು. "ನೀ ಮುಂದ ಹೋಗು ಮಗಳ. ನಾ ಹಿಂದ ಬರ್ತೀನಿ."

ಅವ್ವ ಹೇಳಿದ್ದಕ್ಕೆ ಮಗಳು ಹೂಂ ಅಂದಳು. ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದಳು. ಜನ ಒಬ್ಬೊಬ್ಬರಾಗಿ ದಾರಿ ಬಿಟ್ಟರು. ಪಾನಿಲೂ ಒಬ್ಬ ಉಳಿದ. ಉಳಿದ ಮುದುಕರೆಲ್ಲ ಹೋದರು.

ಅದಾದ ಮೇಲೆ ಉಲಾಯೂ ದಿನಾ ದಕ್ಷಿಣದ ಆರೈಕೆ ಮನೆಗೆ ಫೋನ್ ಮಾಡುತ್ತಿದ್ದಳು. ಹೆಚ್ಚಿನ ದಿನ ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ. "ಚೆನ್ನಾಗಿದ್ದಾರೆ. ಸದ್ದಿಲ್ಲ, ಗದ್ದಲವಿಲ್ಲ. ನಮಗೆ ಏನೂ ತೊಂದರೆ ಕೊಡುವುದಿಲ್ಲ" ಎಂದು ಫೋನ್ ಇಟ್ಟುಬಿಡುತ್ತಿದ್ದರು. ಸಭೆ ಮತ್ತೆ ಸೇರಿದ ದಿನ, ಒಳಗೆ ಹೋಗುವ ಮೊದಲು, ಮೊಗಸಾಲೆಯಲ್ಲಿ ನಿಂತು ಮತ್ತೆ ಮಾಡಿದಳು. ಒಬ್ಬ ಆಯಾ ಎತ್ತಿಕೊಂಡಳು.

"ನಿಮ್ಮವರು ಇವತ್ತು ಬೆಳಿಗ್ಗೆಯಿಂದ ಹಾಡುತ್ತಿದ್ದಾರೆ" ಎಂದಳು ಆಯಾ ಖುಷಿಯಿಂದ. "ಮೊದಲ ಸಲ ಅವರ ದನಿ ಕೇಳಿದೆವು. ಒಂದೇ ಪದ, ಮತ್ತೆ ಮತ್ತೆ. ಕೇಳಿಸುತ್ತೇನೆ ಇರಿ."

ಫೋನಿನಲ್ಲಿ ಒಣಗಿದ ದನಿ ಕೇಳಿತು. "ಇಮಿಕ್. ಇಮಿಕ್. ಇಮಿಕ್."

ಉಲಾಯೂ ಗೋಡೆಗೆ ಒರಗಿದಳು. "ಅದು ಹಾಡಲ್ಲ. ನೀರು ಕೇಳುತ್ತಿದ್ದಾಳೆ. ಕುಡಿಯುವ ನೀರು."

"ಹಣ್ಣಿನ ರಸ ಕೊಟ್ಟಿದ್ದೆವು. ತಳ್ಳಿಬಿಟ್ಟರು. ನಮಗೆ ಗೊತ್ತಾಗಲಿಲ್ಲ" ಎಂದಳು ಆಯಾ. ಅವಳು ಅಳುತ್ತಿದ್ದಂತಿತ್ತು. ಫೋನ್ ಎಲ್ಲೋ ಇಟ್ಟು ಓಡಿದ ಸದ್ದು.

ಒಳಗೆ ಗಂಟೆ ಬಾರಿಸಿತು. ಉಲಾಯೂ ಹೋಗಿ ತನ್ನ ಜಾಗದಲ್ಲಿ ನಿಂತಳು. ಸಭಾಪತಿ ಅವಳ ಹೆಸರು ಕರೆದರು. ಬರೆದು ತಂದ ಪ್ರಶ್ನೆ ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ಓದಲಿಲ್ಲ. ಇಸಾಕಿಯ ಮುಖವನ್ನೇ ನೋಡಿದಳು.

"ಇಮಿಕ್" ಎಂದಳು.

ಎದುರಿನ ಸಾಲಿನ ಯಾರೋ ಅವಳಿಗೆಂದು ನೀರಿನ ಲೋಟ ಸರಿಸಿದರು. ಅವಳು ಮುಟ್ಟಲಿಲ್ಲ.

"ಇಮಿಕ್."

ಇಸಾಕಿಗೆ ಆ ಮಾತು ಗೊತ್ತಿತ್ತು. ಮೊಲೆ ಬಿಟ್ಟ ಯಾವ ಕೂಸಿಗೂ ಗೊತ್ತಿರುವ ಮಾತು ಅದು. ಅವನು ಮುಂದಿದ್ದ ಕಾಗದಗಳನ್ನು ತಿರುವಿದ.

"ಮಾನ್ಯ ಸದಸ್ಯರು ದಯವಿಟ್ಟು ಪ್ರಶ್ನೆ ಕೇಳಬೇಕು" ಎಂದರು ಸಭಾಪತಿ.

"ಕೇಳಾಕತ್ತೀನಿ" ಎಂದಳು ಉಲಾಯೂ. "ಇಮಿಕ್."

ಮಂತ್ರಿ ಎದ್ದು ನಿಂತು, ಪ್ರಶ್ನೆ ಸ್ಪಷ್ಟವಾಗಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿ ಕೂತ. ಸಭಾಪತಿ ಅವಳ ಮೈಕು ನಿಲ್ಲಿಸಲು ಸನ್ನೆ ಮಾಡಿದರು. ಕೂತುಕೊಳ್ಳಲು ಹೇಳಿದರು. ಅವಳು ಕೂರಲಿಲ್ಲ. ಅವಳ ತುಟಿ ಆಡುತ್ತಲೇ ಇತ್ತು, ದನಿ ಕೇಳಿಸುತ್ತಿರಲಿಲ್ಲ. ಸಭೆ ಮುಂದಿನ ವಿಷಯವನ್ನು ಕೈಗೆತ್ತಿಕೊಂಡಿತು.