ಬೆರಳಿಗೆ ಎಳೆ ಬರದ ಎಣ್ಣೆ

“ಈ ಎಣ್ಣೆ ಹಾಕಿದರೆ ಗಾಡಿ ನೀವೇ ಓಡಿಸಿಕೊಳ್ಳಿ ಭಾವ. ನಾನು ಕೀಲಿ ಮುಟ್ಟುವುದಿಲ್ಲ.”

“ಮುಟ್ಟಬೇಡ. ಹಳೇ ಗಾಡಿಗೆ ಹನ್ನೊಂದು ವರ್ಷ ಇದೇ ಎಣ್ಣೆ ಹಾಕಿದವ ನಾನು. ನನಗೆ ಕಲಿಸಲಿಕ್ಕೆ ಬರಬೇಡ ನೀನು.”

ನವೆಂಬರ್ ತಿಂಗಳ ಕೊನೆ. ಕಾಶಿಯ ಶಿವಾಲದ ಗಲ್ಲಿ ಮುಗಿದು ದೊಡ್ಡ ರಸ್ತೆ ಸೇರುವ ಕಡೆ ಶಂಕರನಾರಾಯಣ ಭಟ್ಟರ ಪಿಕಪ್ ಗಾಡಿ ಬಾನೆಟ್ ತೆರೆದು ನಿಂತಿತ್ತು. ಒಂದು ಬದಿ ಭಟ್ಟರು, ಇನ್ನೊಂದು ಬದಿ ಅವರ ಹೆಂಡತಿಯ ತಮ್ಮ ವಿನಾಯಕ. ನಡುವೆ ನೆಲದ ಮೇಲೆ ಎರಡು ಎಣ್ಣೆ ಡಬ್ಬಿ.

ಭಟ್ಟರು ಕುಮಟಾ ಕಡೆಯವರು. ಕಾಶಿಗೆ ಬರುವ ಕನ್ನಡದ ಯಾತ್ರಿಕರಿಗೆ ಅಡುಗೆ ಮಾಡಿ ಬಡಿಸುವುದು ಅವರ ಕಸುಬು. ಯಾತ್ರಿಕರು ಎಲ್ಲಿ ಇಳಿದಿರುತ್ತಾರೋ ಅಲ್ಲಿಗೆ ಪಾತ್ರೆ, ಸಾಮಾನು, ಸಿಲಿಂಡರ್ ಹೊತ್ತು ಹೋಗಬೇಕು. ಹಳೇ ಗಾಡಿ ಮಾರಿ ಎರಡು ವರ್ಷದ ಹಿಂದೆ ಹೊಸದು ತಂದಿದ್ದರು. ಇಲ್ಲಿಯವರೆಗೆ ಅದರ ಎಣ್ಣೆ ಬದಲಿಸಿದವರು ಕಂಪನಿಯವರೇ. ಅದನ್ನು ಓಡಿಸುವವನು ವಿನಾಯಕ. ಹತ್ತೊಂಬತ್ತನೇ ವಯಸ್ಸಿಗೆ ಅಕ್ಕನ ಮನೆಗೆ ಬಂದವನಿಗೆ ಈಗ ಇಪ್ಪತ್ತೇಳು. ಬರುವ ಯುಗಾದಿಗೆ ಗಾಡಿಯನ್ನು ಅವನ ಹೆಸರಿಗೇ ಮಾಡಿಕೊಡುತ್ತೇನೆಂದು ಭಟ್ಟರು ಮಾತು ಕೊಟ್ಟಿದ್ದರು. ಆ ಮಾತನ್ನು ನಂಬಿ ಅವನು ಹಗಲೂ ರಾತ್ರಿಯೂ ದುಡಿಯುತ್ತಿದ್ದ. ತನ್ನ ಬಟ್ಟೆ ಒಗೆಯಲು ಮರೆತರೂ ಗಾಡಿ ಒರೆಸಲು ಮರೆಯುತ್ತಿರಲಿಲ್ಲ. ಅದಕ್ಕೇ ಎಣ್ಣೆಯ ವಿಷಯದಲ್ಲಿ ಅವನು ಸುಮ್ಮನಿರಲಿಲ್ಲ.

ಅವನಿಗೆ ಎಣ್ಣೆಯ ವಿಷಯ ಹೇಳಿದವನು ನಾನು, ಗುರುಶಾಂತಯ್ಯ. ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಇಂಜಿನ್ ಬಿಚ್ಚಿ ಜೋಡಿಸುವ ಕೆಲಸ ನನ್ನದು. ಗದಗದ ಕಡೆಯಿಂದ ವರ್ಗವಾಗಿ ಬಂದು ಒಂಬತ್ತು ವರ್ಷ ಆಯಿತು. ಗಾಡಿಯ ಜೊತೆ ಕಂಪನಿ ಕೊಟ್ಟ ಪುಸ್ತಕವನ್ನು ವಿನಾಯಕನ ಕೈಯಲ್ಲೇ ತೆರೆಸಿ ಓದಿಸಿದ್ದೆ. ಅದರಲ್ಲಿ ಇಂಜಿನ್ ಎಣ್ಣೆ 5ಡಬ್ಲ್ಯೂ-30 ಎಂದು ಸ್ಪಷ್ಟವಾಗಿ ಬರೆದಿತ್ತು. ಅವನು ಅದನ್ನೇ ತಂದ.

ಭಟ್ಟರು ಡಬ್ಬಿ ತೆರೆದು ಒಂದು ಹನಿ ತೆಗೆದರು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಎಳೆದರು. ಸಕ್ಕರೆ ಪಾಕ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಅಡುಗೆಯವರು ನೋಡುವುದು ಹೀಗೆಯೇ. ಒಂದೆಳೆ ಬಂದರೆ ಒಂದು ಸಿಹಿಗೆ, ಎರಡೆಳೆ ಬಂದರೆ ಇನ್ನೊಂದಕ್ಕೆ. ಅಡುಗೆಮನೆಯಲ್ಲಿ ಭಟ್ಟರ ಬೆರಳು ಒಂದು ದಿನವೂ ತಪ್ಪಿದ್ದಿಲ್ಲ. ಅದೇ ಬೆರಳನ್ನು ಇಂಜಿನ್ ಎಣ್ಣೆಗೂ ಅದ್ದಿದರು. ಎಳೆ ಬರಲಿಲ್ಲ.

“ಇದು ನೀರು ಮಾರಾಯ. ಕಬ್ಬಿಣಕ್ಕೆ ಅಂಟುವುದೇ ಇಲ್ಲ. ಇದನ್ನು ನೋಡು,” ಎಂದು ತಾವು ತಂದಿದ್ದ 20ಡಬ್ಲ್ಯೂ-50ರ ಹನಿಯನ್ನು ಎಳೆದು ತೋರಿಸಿದರು. ಅದು ಜೇನಿನ ಹಾಗೆ ಎಳೆಯಾಗಿ ಬಂತು. ಗ್ಯಾರೇಜಿನ ಮಿಸ್ತ್ರಿಯೂ ಮಂದವಾದ ಎಣ್ಣೆಯೇ ಒಳ್ಳೆಯದೆಂದು ಹೇಳಿದನಂತೆ. ಅವನ ಅಂಗಡಿಯಲ್ಲಿ ಉಳಿದಿದ್ದದ್ದು ಅದೊಂದೇ.

ಅಷ್ಟರಲ್ಲಿ ನಾನು ಅಲ್ಲಿಗೆ ಹೋದೆ. ನನಗೆ ಸಿಟ್ಟು ಬೇಗ ಬರುತ್ತದೆ. ಕೂರಿಸಿ, ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ.

“ಭಟ್ರ, ಇದು ಪಾಕ ಅಲ್ರಿ. ಸೌಟು ಹಿಡಿಯೂ ಕೈಗೆ ಇಂಜಿನ್ ಏನ್ ತಿಳೀತೈತಿ?” ಎಂದುಬಿಟ್ಟೆ.

ಭಟ್ಟರ ಮುಖ ಕಪ್ಪಾಯಿತು. ಆ ಸೌಟಿನ ಅನ್ನವನ್ನು ನೀವೂ ಉಂಡಿದ್ದೀರಿ ಎಂದರು. ಅದು ನಿಜ. ನಾನು ಬಂದ ಮೊದಲ ವರ್ಷ ಅವರ ಮನೆಯಲ್ಲೇ ಉಂಡಿದ್ದೆ. ಭಟ್ಟರ ಹೆಂಡತಿ ವಿಜಯಶ್ರೀ ಗಲಾಟೆ ಕೇಳಿ ಹೊರಗೆ ಬಂದು, ಬೀದಿಯಲ್ಲಿ ಮರ್ಯಾದೆ ಕಳೆಯಬೇಡ, ಭಾವ ಹೇಳಿದ ಹಾಗೆ ಮಾಡು ಎಂದು ತಮ್ಮನನ್ನೇ ಗದರಿದಳು. ನಾನು ಇನ್ನು ನಿಮ್ಮ ಮನೆಗೆ ಕಾಲಿಡುವುದಿಲ್ಲವೆಂದು ಹೇಳಿ ಜಂಗಮವಾಡಿಯ ನನ್ನ ಕೋಣೆಗೆ ನಡೆದೆ. ವಿನಾಯಕ ಮಂದ ಎಣ್ಣೆಯನ್ನೇ ಸುರಿದ. ಕೀಲಿಯನ್ನೂ ಅವನೇ ತಿರುಗಿಸಿದ. ಗಾಡಿ ಬಿಟ್ಟು ಅವನು ಎಲ್ಲಿಗೆ ಹೋಗುತ್ತಾನೆ?

ಡಿಸೆಂಬರ್ ಬಂತು. ಬನಾರಸದ ಚಳಿ ನಮ್ಮ ಕಡೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಬೆಳಿಗ್ಗೆ ನೀರಿಗೆ ಕೈ ಇಟ್ಟರೆ ಬೆರಳು ಮರಗಟ್ಟುತ್ತದೆ. ಮುಂಜಾನೆ ಗಾಡಿ ಶುರು ಮಾಡಿದರೆ ಇಂಜಿನ್ ಕಟಕಟ ಎನ್ನತೊಡಗಿತು. ಮೀಟರಿನ ಪಕ್ಕದಲ್ಲಿ ಗಿಂಡಿಯ ಆಕಾರದ ಒಂದು ಕೆಂಪು ದೀಪ ಇರುತ್ತದಲ್ಲ, ಇಂಜಿನ್ ಹತ್ತಿದೊಡನೆ ಆರಬೇಕಾದ ಆ ದೀಪ ಹತ್ತು ಎಣಿಸುವವರೆಗೂ ಉರಿಯುತ್ತಿತ್ತು. ಎಣ್ಣೆ ಇನ್ನೂ ಮೇಲೆ ತಲುಪಿಲ್ಲ ಎಂದು ಅದರ ಅರ್ಥ. ಭಟ್ಟರು ಇಂಜಿನ್ನಿಗೂ ಚಳಿಯಾಗಿದೆ, ಬಿಸಿ ಮಾಡು ಎಂದು ಹೇಳಿ ಆ ಹೊತ್ತಿನಲ್ಲೇ ಜೋರಾಗಿ ರೇಸ್ ಕೊಡಿಸುತ್ತಿದ್ದರು. ಎಣ್ಣೆ ಮುಟ್ಟದ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿತ್ತು.

ಒಂದು ಭಾನುವಾರ ವಿನಾಯಕ ನನ್ನ ಕೋಣೆಗೆ ಬಂದ. ಈಗ ಓಡುವಾಗ ಸಣ್ಣದಾಗಿ ಸೀಟಿ ಹೊಡೆದ ಹಾಗೆ ಶಬ್ದವೂ ಬರುತ್ತಿದೆ ಎಂದ.

“ಒಂದು ಸಲ ಬಂದು ನೋಡಿ ಗುರುಶಾಂತಣ್ಣ. ಯುಗಾದಿಯವರೆಗೆ ಇದು ತಡೆಯಬೇಕು.”

“ನಿಮ್ಮ ಭಾವನ ಬೆರಳಿಗೆ ಕೇಳಪಾ,” ಎಂದೆ.

ಅವನು ತಿರುಗಿ ಹೋದ. ಸೀಟಿ ಶಬ್ದ ಎಂದರೆ ಟರ್ಬೋ ಸವೆಯುತ್ತಿದೆ ಎಂದು ನನಗೆ ಗೊತ್ತಿತ್ತು. ಇಂಜಿನ್ನಿಗೆ ಗಾಳಿ ತುಂಬುವ ಆ ಚಕ್ರ ಗಾಡಿಯಲ್ಲಿ ಎಲ್ಲಕ್ಕಿಂತ ಜೋರಾಗಿ ತಿರುಗುತ್ತದೆ. ಎಣ್ಣೆ ತಡವಾದರೆ ಮೊದಲು ಸಾಯುವುದು ಅದೇ. ಗೊತ್ತಿದ್ದೂ ನಾನು ಕೋಣೆಯಿಂದ ಏಳಲಿಲ್ಲ.

ಮಾಘದಲ್ಲಿ ಪ್ರಯಾಗದ ಮೇಳಕ್ಕೆ ಒಂದು ತಂಡ ಬಂದಿತ್ತು. ಎಂಬತ್ತು ಎಲೆ ಊಟ. ಭಟ್ಟರು, ವಿನಾಯಕ ಇಬ್ಬರೇ ಬೆಳಗಿನ ಐದಕ್ಕೆ ಹೊರಟರು. ಹತ್ತು ಮಾರು ದೂರ ಕಾಣದಷ್ಟು ಮಂಜು. ದಾರಿಯಲ್ಲಿ ಗೋಪೀಗಂಜ್ ಹತ್ತಿರ ಸೀಟಿ ಜೋರಾಯಿತು. ಹಿಂದೆ ನೀಲಿ ಹೊಗೆ ಬಂತು. ಕೆಂಪು ದೀಪ ಹತ್ತಿತು. ಎಡಗಡೆ ಒಂದು ಢಾಬಾ, ಅದರ ಮುಂದೆ ಅಗಲವಾದ ಅಂಗಳ ಇತ್ತು. ವಿನಾಯಕ ಗಾಡಿಯನ್ನು ಅಲ್ಲಿಗೆ ತಿರುಗಿಸಲು ನೋಡಿದ.

“ನಿಲ್ಲಿಸಬೇಡ. ಹನ್ನೊಂದಕ್ಕೆ ಎಲೆ ಹಾಕಬೇಕು. ಮೆಲ್ಲಗೆ ಹೋಗು,” ಎಂದರು ಭಟ್ಟರು. ಇದನ್ನು ಆಮೇಲೆ ನನಗೆ ಹೇಳಿದವರೂ ಅವರೇ.

ಇನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಇಂಜಿನ್ ಕಚ್ಚಿಕೊಂಡು ನಿಂತಿತು. ಗಾಡಿ ಹೆದ್ದಾರಿಯ ನಡುವೆಯೇ ಉಳಿಯಿತು. ಹಿಂದೆ ಬರುವವರಿಗೆ ಕಾಣಲೆಂದು ವಿನಾಯಕ ಇಳಿದು, ಒಂದು ಹಿತ್ತಾಳೆ ಕೊಳಗ ತೆಗೆದು ರಸ್ತೆಯಲ್ಲಿ ಇಡಲು ಹೋದ. ಮಂಜಿನಿಂದ ಬಂದ ಲಾರಿ ಕೊಳಗವನ್ನೂ ಅವನನ್ನೂ ಪಿಕಪ್ಪಿಗೆ ಸೇರಿಸಿ ಒತ್ತಿತು. ಒಳಗೆ ಕುಳಿತಿದ್ದ ಭಟ್ಟರಿಗೆ ಒಂದು ಗೀರೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಮೇಲಿಂದ ತೆಗೆದರು.

ನಾನು ಹೋದಾಗ ಭಟ್ಟರು ವರಾಂಡದ ನೆಲದ ಮೇಲೆ ಕುಳಿತಿದ್ದರು. ಗ್ಯಾರೇಜಿನಲ್ಲಿ ಟರ್ಬೋ ಬಿಚ್ಚಿ ನೋಡಿ, ಎಣ್ಣೆ ಸಿಗದೆ ಬೇರಿಂಗ್ ಸುಟ್ಟಿದೆ ಎಂದಿದ್ದರಂತೆ. ಇಷ್ಟು ಮಂದ ಎಣ್ಣೆ ಇದ್ದೂ ಎಣ್ಣೆ ಸಿಗಲಿಲ್ಲ ಎಂದರೆ ಹೇಗೆ ಎಂದು ಅವರು ನನ್ನನ್ನು ಕೇಳಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಎರಡು ತಿಂಗಳ ಹಿಂದೆ ಹೇಳಬೇಕಾದದ್ದನ್ನು ನಾನು ಅಂದು ಹೇಳಿದೆ.

“ಊರಿಂದ ತಂದ ತೆಂಗಿನೆಣ್ಣಿ ಈಗ ನಿಮ್ಮನ್ಯಾಗ ಹ್ಯಾಂಗ ಐತಿ ಭಟ್ರ?”

“ಕಲ್ಲಿನ ಹಾಗೆ. ಒಲೆ ಹತ್ತಿರ ಇಡಬೇಕು.”

“ಕುಮಟಾದಾಗ?”

“ಅಲ್ಲಿ ಎಂತಕ್ಕೆ ಗಟ್ಟಿಯಾಗ್ತದೆ?” ಎಂದವರು ತಮ್ಮ ಬೆರಳುಗಳನ್ನು ನೋಡಿಕೊಂಡರು.

ಚಳಿಯಲ್ಲಿ ಇಂಜಿನ್ನಿನ ಮಂದ ಎಣ್ಣೆಯೂ ಹಾಗೆಯೇ ಹರಿಯದೆ ನಿಲ್ಲುತ್ತದೆ ಎಂದು ಉಳಿದದ್ದನ್ನೂ ಹೇಳಿದೆ. ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ಡಬ್ಲ್ಯೂ ಅಕ್ಷರದ ಮುಂಚಿನ ಅಂಕಿ ಚಳಿಯದು. ಅದು ಸಣ್ಣದಿದ್ದಷ್ಟೂ ಎಣ್ಣೆ ಚಳಿಯಲ್ಲಿ ಬೇಗ ಹರಿದು ಮೇಲೆ ಹತ್ತುತ್ತದೆ. ಆಮೇಲಿನ ಅಂಕಿ ಕಾದ ಇಂಜಿನ್ನಿನದು. ಅದು ದೊಡ್ಡದಿದ್ದಷ್ಟೂ ಬಿಸಿಯಲ್ಲಿ ಎಣ್ಣೆ ಮಂದವಾಗಿ ಉಳಿಯುತ್ತದೆ. ಹಳೇ ಗಾಡಿಯ ಇಂಜಿನ್ನಿನ ಸಂದುಗಳು ದೊಡ್ಡವು, ಅದಕ್ಕೆ ಮಂದ ಎಣ್ಣೆ ನಡೆಯುತ್ತಿತ್ತು. ಹೊಸದರ ಸಂದುಗಳು ಕೂದಲಿನಷ್ಟು ಸಣ್ಣವು. ಬೆರಳು ಹೇಳುವುದು ಆ ಹೊತ್ತಿನ ಎಣ್ಣೆಯನ್ನು ಮಾತ್ರ. ಬೆಳಗಿನ ಐದರ ಚಳಿಯಲ್ಲಿ ಅದು ಹೇಗಿರುತ್ತದೆ, ನೂರು ಮೈಲಿ ಓಡಿ ಕಾದ ಮೇಲೆ ಹೇಗಿರುತ್ತದೆ ಎಂಬುದು ಯಾವ ಬೆರಳಿಗೂ ತಿಳಿಯದು. ತಪ್ಪು ಎಣ್ಣೆ ಒಂದೇ ದಿನಕ್ಕೆ ಇಂಜಿನ್ ಕೊಲ್ಲುವುದಿಲ್ಲ. ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ತಿನ್ನುತ್ತದೆ.

“ಇಷ್ಟನ್ನು ಅವತ್ತೇ ಹೇಳಬಾರದಿತ್ತಾ ಗುರುಶಾಂತಯ್ಯ?” ಎಂದರು ಭಟ್ಟರು. ಬೈಯುವ ದನಿ ಅಲ್ಲ. ಬೈದಿದ್ದರೆ ವಾಸಿ ಇತ್ತು.

ಭಟ್ಟರು ಗಾಡಿ ರಿಪೇರಿ ಮಾಡಿಸಿದರು. ಪುಸ್ತಕ ಹಿಡಿದು ತಾವೇ ಅಂಗಡಿಗೆ ಹೋಗಿ 5ಡಬ್ಲ್ಯೂ-30 ತಂದರು. ವಿಜಯಶ್ರೀ ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿದಳು. ಅಂಟಿಸುವಾಗ ಅವಳು ಅಳುತ್ತಿದ್ದಳು. ಬೀದಿಯಲ್ಲಿ ತಮ್ಮನ ಬಾಯಿ ಮುಚ್ಚಿಸಿದ್ದು ಅವಳಿಗೆ ಮರೆತಿರಲಿಲ್ಲ.

ಯುಗಾದಿಯ ದಿನ ನನ್ನನ್ನೂ ಊಟಕ್ಕೆ ಕರೆದರು. ಹೋದೆ. ವಿನಾಯಕ ಗೋಡೆಗೆ ಒರಗಿ ಕುಳಿತಿದ್ದ. ಪಕ್ಕದಲ್ಲಿ ಊರುಗೋಲು. ಬೇವು ಬೆಲ್ಲ ಕೊಟ್ಟ ಮೇಲೆ ಭಟ್ಟರು ಗಾಡಿಯ ಕೀಲಿ, ಅವನ ಹೆಸರಿಗೆ ಮಾಡಿಸಿದ ಕಾಗದ ಎರಡನ್ನೂ ತಂದು ಅವನ ಮುಂದೆ ಇಟ್ಟರು. ಕೊಟ್ಟ ಮಾತು ಉಳಿಸಿದ್ದೇನೆ, ಓಡಿಸಲು ಒಬ್ಬ ಡ್ರೈವರ್ ಇಡೋಣ, ನೀನು ಪಕ್ಕದಲ್ಲಿ ಕುಳಿತರೆ ಸಾಕು ಎಂದರು.

ವಿನಾಯಕ ಕಾಗದವನ್ನು ಪೂರ್ತಿ ಓದಿದ.

“ಎಣ್ಣೆ ಯಾವುದು ಹಾಕಿದ್ದೀರಿ ಭಾವ?”

“ನೀನು ಹೇಳಿದ್ದೇ.”

ಅವನು ತಲೆಯಾಡಿಸಿದ. ಕೀಲಿಯನ್ನು ಕಾಗದದ ಮೇಲಿಟ್ಟು, ಊರುಗೋಲು ಹಿಡಿದು ಎದ್ದ. ಅಕ್ಕ ಎಲೆ ಹಾಕಿದ್ದೇನೆ ಎಂದಳು. ಈಗ ಬಂದೆ ಎಂದು ಹೇಳಿ ಮೆಟ್ಟಿಲು ಇಳಿದ. ಗಲ್ಲಿಯ ಕಲ್ಲುಹಾಸಿನ ಮೇಲೆ ಊರುಗೋಲಿನ ಶಬ್ದ ಬಹಳ ಹೊತ್ತು ಕೇಳುತ್ತಿತ್ತು.

ಗಾಡಿ ಇಟ್ಟುಕೊಂಡವರೇ, ನಿಮಗೆ ನೇರವಾಗಿ ಹೇಳುತ್ತೇನೆ. ತೆಳು ಎಣ್ಣೆ ಒಳ್ಳೆಯದು, ಮಂದ ಎಣ್ಣೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮಂದ ಎಣ್ಣೆ ಕೇಳುವ ಗಾಡಿಗೆ ತೆಳುವಾದದ್ದು ಹಾಕಿದರೂ ಕೆಡುತ್ತದೆ. ನಿಮ್ಮ ಗಾಡಿಗೆ ಯಾವುದು ಎಂಬುದು ಅದರ ಪುಸ್ತಕದಲ್ಲಿದೆ. ಇವತ್ತೇ ತೆರೆದು ನೋಡಿ. ಪುಸ್ತಕ ಕಳೆದಿದ್ದರೆ ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಕೇಳಿ. ಅಂಕಿಯ ಜೊತೆಗೆ ಎಣ್ಣೆಯ ದರ್ಜೆಯನ್ನೂ ಬರೆದಿರುತ್ತಾರೆ, ಅದನ್ನೂ ಹೊಂದಿಸಿ. ಅಂಗಡಿಯವನು ಉಳಿದದ್ದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ. ಚಳಿಯಲ್ಲಿ ಶುರು ಮಾಡಿದೊಡನೆ ರೇಸ್ ಕೊಡಬೇಡಿ. ಗಿಂಡಿಯ ಕೆಂಪು ದೀಪ ಓಡುವಾಗ ಹತ್ತಿದರೆ, ಎಷ್ಟೇ ಎಲೆ ಕಾಯುತ್ತಿರಲಿ, ಮೊದಲು ಸಿಕ್ಕ ಸುರಕ್ಷಿತ ಜಾಗದಲ್ಲಿ ಗಾಡಿ ಬದಿಗೆ ತಂದು ಇಂಜಿನ್ ಆರಿಸಿ. ಇನ್ನು ವಿಷಯ ಗೊತ್ತಿರುವವರು, ನನ್ನ ಹಾಗೆ ಸಿಟ್ಟು ಮಾಡಿಕೊಂಡು ಎದ್ದು ಹೋಗಬೇಡಿ. ಕೂತು ಹೇಳಿ.

ಯುಗಾದಿಯ ಆ ದಿನ ನಾವು ವಿನಾಯಕನಿಗಾಗಿ ಎಲೆಯ ಮುಂದೆ ಕಾದೆವು. ಅನ್ನ ತಣ್ಣಗಾದ ಮೇಲೆ ನಾನೂ ಭಟ್ಟರೂ ಎದ್ದು ಘಾಟುಗಳಲ್ಲಿ, ಸ್ಟೇಷನ್ನಿನಲ್ಲಿ ಹುಡುಕಿದೆವು. ಊರಿಗೆ ಫೋನ್ ಮಾಡಿದೆವು, ಅಲ್ಲಿಗೂ ಹೋಗಿರಲಿಲ್ಲ. ಗಾಡಿ ಈಗಲೂ ಶಿವಾಲದ ರಸ್ತೆಯ ಬದಿಯಲ್ಲಿ ಅವನ ಹೆಸರಿನಲ್ಲೇ ನಿಂತಿದೆ. ಭಟ್ಟರು ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಾರೆ. ವಿನಾಯಕ ಬಂದಿಲ್ಲ.