ನಂಬರು ಬಿದ್ದ ಮರ

ಬರಗೂರಿನಿಂದ ಶಿರಾಕ್ಕೆ ಹೋಗುವ ರಸ್ತೆಯ ಪಕ್ಕದ ಹುಣಸೆಮರದ ಕೆಳಗೆ ಚಿಕ್ಕಹನುಮಕ್ಕ ಬೆಳಿಗ್ಗೆಯೇ ಗಂಡನ ಮಂಚ ತಂದು ಹಾಕುತ್ತಿದ್ದಳು. ಲಕ್ವ ಹೊಡೆದ ಮೇಲೆ ಸಣ್ಣರಂಗಯ್ಯನಿಗೆ ಎಡಮಗ್ಗುಲು ಆಡುತ್ತಿರಲಿಲ್ಲ. ಮಾತೂ ನಿಂತಿತ್ತು. ಮರದ ಪಕ್ಕದಲ್ಲೇ ಅವರ ತಗಡು ಶೀಟಿನ ಮನೆ. ಹೋದ ಬೇಸಿಗೆಯಲ್ಲಿ ಅವನನ್ನು ಒಳಗೆ ಮಲಗಿಸಿ ಅವಳು ಕೂಲಿಗೆ ಹೋಗಿದ್ದಾಗ ಕಾವಿಗೆ ಪ್ರಜ್ಞೆ ತಪ್ಪಿತ್ತು, ಉಳಿದದ್ದೇ ಹೆಚ್ಚು. ಅಂದಿನಿಂದ ಹಗಲೆಲ್ಲ ಅವನು ಮರದಡಿಯಲ್ಲೇ.

ಮರ ಸರ್ಕಾರಿ ಜಾಗದಲ್ಲಿತ್ತು. ಇಟ್ಟಿಗೆ ಗೂಡುಗಳಿಗೆ ಸೌದೆ ಹಾಕುವ ರುದ್ರಮುನಿ ಅದರ ಮೇಲೆ ಕಣ್ಣಿಟ್ಟಿದ್ದ.

"ದಿಕ್ಕಿಲ್ದಿರೋ ಮರ ಕಣಮ್ಮ. ಒಂದಿನ ನೀನ್ ಕೂಲಿಗೋಗಿ ಬರೋದ್ರೊಳ್ಗೆ ಮಾಯ ಆಯ್ತದೆ ನೋಡು" ಎಂದು ನಗುತ್ತಲೇ ಹೆದರಿಸುತ್ತಿದ್ದ.

ಆ ಊರಿನಲ್ಲಿ ಮರದ ಕಾನೂನು ಎಂದರೆ ನಂಬರು. ಕೆರೆ ಏರಿಯ ಹುಣಸೆಮರಗಳಿಗೆ ಅರಣ್ಯ ಇಲಾಖೆಯವರು ಕೆಂಪು ನಂಬರು ಬರೆದು ಫಸಲು ಹರಾಜು ಹಾಕುತ್ತಿದ್ದರು. ಅವುಗಳಲ್ಲಿ ಒಂದರ ಕೊಂಬೆ ಕಡಿದದ್ದಕ್ಕೆ ರುದ್ರಮುನಿಯೇ ಠಾಣೆ ಮೆಟ್ಟಿಲು ಹತ್ತಿ ದಂಡ ಕಟ್ಟಿದ್ದ. ಆಮೇಲೆ ಯಾರೂ ಅವುಗಳನ್ನು ಮುಟ್ಟಿರಲಿಲ್ಲ.

ಹಾಗಾಗಿ ಕಾರ್ತೀಕದಲ್ಲಿ ಅದೇ ಇಲಾಖೆಯ ಗಾರ್ಡು ಗಂಗಾಧರ್ ಬಿಳಿ ಬಣ್ಣದ ಡಬ್ಬಿ ಹಿಡಿದು ರಸ್ತೆಯ ಮರಗಳಿಗೆ ನಂಬರು ಬರೆಯುತ್ತಾ ಬಂದು, ಅವಳ ಮರವನ್ನು ಮಾತ್ರ ಬಿಟ್ಟು ಮುಂದೆ ನಡೆದಾಗ ಚಿಕ್ಕಹನುಮಕ್ಕ ಓಡಿಹೋಗಿ ತಡೆದಳು.

"ನಮ್ ಮರ ಬುಟ್ಬುಟ್ರಲ್ಲ ಸ್ವಾಮಿ!"

"ಅದು ಗೆರೆಯಿಂದಾಚೆ ಐತೆ ಕಣಕ್ಕ. ಬೇಕಾಗಿಲ್ಲ."

"ಅಂಗನ್ಬ್ಯಾಡಿ. ಅದಕ್ಕೂ ಒಂದಾಕ್ಬುಡಿ, ನಿಮ್ ದಮ್ಮಯ್ಯ."

ಗಂಗಾಧರ್ ಮನೆಯ ಮೇಲೆ ಚಾಚಿದ್ದ ಕೊಂಬೆ ನೋಡಿದ. ಮುರಿದು ಶೀಟಿನ ಮೇಲೆ ಬೀಳುವ ಭಯವಿರಬೇಕು, ಅದಕ್ಕೇ ಮರ ಹೋದರೆ ಸಾಕೆನ್ನುತ್ತಿದ್ದಾಳೆ ಅಂದುಕೊಂಡ.

"ಆಮೇಲೆ ನನ್ನ ಬೈಬಾರ್ದು ಮತ್ತೆ."

"ಯಾಕ್ ಬೈಲಿ? ಮಜ್ಜಿಗೆ ಕುಡೀರಿ."

ಅವನು ಮಜ್ಜಿಗೆ ಕುಡಿದು ನಂಬರು ಬರೆದ. ರಸ್ತೆ ಅಗಲ ಮಾಡಲು ಕಡಿಯುವ ಮರಗಳಿಗೂ ಕಾನೂನಿನಂತೆ ನಂಬರು ಬೀಳುತ್ತದೆ ಎಂದು ಅವಳಿಗೆ ಹೇಳಿದವರಿಲ್ಲ. ಆಕ್ಷೇಪಣೆ ಇದ್ದವರು ತಿಳಿಸಬಹುದೆಂಬ ನೋಟಿಸು ಪೇಟೆಯ ಕಚೇರಿ ಗೋಡೆಯಲ್ಲಿತ್ತು. ಊರಿನ ಯಾರೂ ಅತ್ತ ಹೋಗಲಿಲ್ಲ.

ಮಳೆಗೆ ನಂಬರು ಮಸುಕಾದಾಗ ಅವಳು ಸುಣ್ಣ ಕಲಸಿ, ಗೆರೆ ತಪ್ಪದಂತೆ ಮತ್ತೆ ತಿದ್ದಿದಳು.

"ಏನ್ಲಾ ರುದ್ರ, ಈಗ್ ಮುಟ್ಟು ನೋಡಾನ!"

ರುದ್ರಮುನಿ ಅವಳನ್ನೂ ನಂಬರನ್ನೂ ನೋಡಿದ. "ನೀನೇ ಕರ್ದು ಆಕ್ಸಿದ್ಯಂತಲ್ಲ, ಭೇಷ್!" ಅಂದು ಬೈಕು ಹತ್ತಿದ.

ಯುಗಾದಿ ಕಳೆದ ವಾರ ಗರಗಸದ ಮಿಷನ್ನುಗಳು ಬಂದವು. ಮರಗಳ ಟೆಂಡರು ರುದ್ರಮುನಿಯದಾಗಿತ್ತು. ಚಿಕ್ಕಹನುಮಕ್ಕ ಕೈಚಾಚಿ ಮರಕ್ಕೆ ಅಡ್ಡ ನಿಂತಳು.

"ನಂಬರೈತೆ! ಕಣ್ ಕಾಣಾಕಿಲ್ವಾ?"

"ನಂಬರೈತೆ ಅಂತ್ಲೇ ಕುಯ್ತಿರೋದು ಕಣಕ್ಕ" ಎಂದ ಗಂಗಾಧರ್. ಹೇಳುವಾಗಲೇ ಅವನಿಗೆ ಎಲ್ಲ ಅರ್ಥವಾಯಿತು. ಮುಖ ಬೇರೆ ಕಡೆ ತಿರುಗಿಸಿದ. "ನಾನು ಬೇಡ ಅಂದಿದ್ನಲ್ಲ ತಾಯಿ... ಈಗ ಆರ್ಡರ್‌ನಾಗೆ ಸೇರ್ಕೊಂಡೈತೆ."

ಅವಳು ಕುಡುಗೋಲು ತಂದು ನಂಬರು ಹೆರೆಯತೊಡಗಿದಳು. ತೊಗಟೆ ಸುಣ್ಣದ ಸಮೇತ ಚಕ್ಕೆಚಕ್ಕೆಯಾಗಿ ಉದುರಿತು. ಯಾರೂ ಬಯ್ಯಲಿಲ್ಲ. ಅವಳ ಕೈ ಸೋಲುವವರೆಗೆ ಕಾದು, ಆಳುಗಳು ಸಣ್ಣರಂಗಯ್ಯನ ಮಂಚವನ್ನು ಜೋಪಾನವಾಗಿ ಎತ್ತಿ ದೂರ ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಉಳಿದದ್ದು ದಿಮ್ಮಿ ತುಂಬಿದ ಲಾರಿಯ ನೆರಳು ಮಾತ್ರ. ಅವಳು ಮಂಚವನ್ನು ಎಳೆದು ಎಳೆದು ಆ ನೆರಳಿಗೆ ತಂದಳು. ಸಣ್ಣರಂಗಯ್ಯ ಕಣ್ಣು ಬಿಟ್ಟ.

ಹಾರ್ನ್ ಮೊಳಗಿತು. "ಮಂಚ ತೆಗ್ಯಮ್ಮೋ, ಲಾರಿ ಹೊಂಡ್ಬೇಕು!" ರುದ್ರಮುನಿ ಕೂಗಿದ.

ಅವಳು ಮನೆಯ ಕಡೆ ನೋಡಿದಳು. ಶೀಟು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು.

"ಎಲ್ಲಿಗ್ ತೆಗೀಲಿ?" ಅಂದಳು.

ಎಂಜಿನ್ನಿನ ಸದ್ದಿಗೆ ಅದು ಯಾರಿಗೂ ಕೇಳಿಸಲಿಲ್ಲ.